ಇಳಿದು ಬಂದವನು

"ಏಣಿ ಬಿಗಿಯಾಗಿ ಹಿಡ್ಕೊ ಕರೀಂ ಮಾವ, ಅಲ್ಲಾಡ್ತೈತೆ," ಎಂದು ಮೇಲಿನಿಂದ ಹೇಳಿದ ನರೇಂದ್ರ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಹಗ್ಗವನ್ನು ಬಿಡಿಸಿ ಹೊಂಗೆ ಮರದ ಕೊಂಬೆಗೆ ಸುತ್ತಿದ. ಇನ್ನೊಂದು ತುದಿಯನ್ನು ಆಗಲೇ ಲೈಟು ಕಂಬಕ್ಕೆ ಕಟ್ಟಿಯಾಗಿತ್ತು. ಸುರುಳಿಯ ದಾರ ಎಳೆದದ್ದೇ ತಡ, ಹತ್ತಡಿಯ ಫ್ಲೆಕ್ಸು ಪಟಪಟ ಸದ್ದು ಮಾಡುತ್ತ ಕೆಳಗೆ ಬಿಚ್ಚಿಕೊಂಡಿತು.

ನಮ್ಮ ಕಡೆ ಈಗ ಫ್ಲೆಕ್ಸಿಲ್ಲದೆ ಯಾರೂ ಹುಟ್ಟುವುದಿಲ್ಲ, ಯಾರೂ ಸಾಯುವುದೂ ಇಲ್ಲ. ನರೇಂದ್ರನ ಅಪ್ಪ ಗಂಗಹನುಮಯ್ಯ ಹಿಂದಿನ ದಿನ ಮಧ್ಯಾಹ್ನ ಉಂಡು, ಕೈ ತೊಳೆದು ಬಂದು ಜಗಲಿಯ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ನೆಂಟರಿಗೆ ಫೋನು ಮಾಡಿ ಮುಗಿಸಿದ ಮೇಲೆ ಮಗ ಮಾಡಿದ ಮೊದಲ ಕೆಲಸ ಅಪ್ಪನ ಟ್ರಂಕು ತೆಗೆದು ಫೋಟೋ ಹುಡುಕಿದ್ದು. ಆಧಾರ್ ಕಾರ್ಡಿನ ಕಳೆಗೆಟ್ಟ ಮುಖ ಅವನಿಗೆ ಬೇಕಿರಲಿಲ್ಲ. ಅಪ್ಪ ಹದಿನೇಳು ವರ್ಷ ಮಿಲ್ಟ್ರಿಯಲ್ಲಿದ್ದವನು, ಯೂನಿಫಾರ್ಮಿನಲ್ಲಿರುವ ಫೋಟೋ ಒಂದಾದರೂ ಇರಬೇಕಲ್ಲ? ಇತ್ತು. ಡಿಸ್ಚಾರ್ಜ್ ಪುಸ್ತಕದ ನಡುವೆ, ಪ್ಲಾಸ್ಟಿಕ್ ಕವರಿನೊಳಗೆ. ವಾರೆ ಟೋಪಿ, ಚಿಗುರು ಮೀಸೆ, ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸಿನ ನಗು. ಹಿಂದುಗಡೆ ಕನಕಪುರದ ಯಾವುದೋ ಸ್ಟುಡಿಯೋದ ಮಸುಕು ಮೊಹರು.

"ಅಪ್ಪ ಎಂಥಾ ಹೀರೋ ಥರ ಇತ್ತು ನೋಡು," ಎಂದು ಹೆಂಡತಿಗೆ ತೋರಿಸಿದ್ದ. ಮಾವನನ್ನು ನರೆತ ಮೀಸೆಯಲ್ಲಿ ಮಾತ್ರ ಕಂಡಿದ್ದ ಮಮತಾ ಕಣ್ಣೊರೆಸಿಕೊಂಡು, "ಮೂಗು ನಿಮ್ದೇ," ಅಂದಿದ್ದಳು.

ಅಷ್ಟು ಸಾಕಾಯಿತು. ಫೋಟೋ ಮೊಬೈಲಿಗೇರಿ ಚನ್ನಪಟ್ಟಣದ ಫ್ಲೆಕ್ಸಿನ ಅಂಗಡಿಗೆ ಹೋಯಿತು. ಅಲ್ಲಿಂದ ಬಂದ ಬಣ್ಣದ ಪಟ, ಎರಡು ಬಾವುಟ ಒಂದು ದೀಪದ ಸಮೇತ, ಕಾರ್ಖಾನೆಯ ಗ್ರೂಪು, ಮಾಜಿ ಸೈನಿಕರ ಗ್ರೂಪು, ಜಿಲ್ಲೆಯ ಅಷ್ಟೂ ತಾಲ್ಲೂಕಿನ ಯಾವ ಯಾವ ಗ್ರೂಪಿನಲ್ಲಿ ನರೇಂದ್ರನಿದ್ದನೋ ಎಲ್ಲಕ್ಕೂ ಹೋಯಿತು. ಹೊತ್ತು ಮುಳುಗುವಷ್ಟರಲ್ಲಿ ಇನ್ನೂರು ಜನ ಕೈಮುಗಿದಿದ್ದರು. ದುಃಖದ ನಡುವೆಯೂ ಅವನಿಗೆ ಒಂದು ಬಗೆಯ ಹೆಮ್ಮೆಯಾಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಈಗ ಏಣಿ ಹಿಡಿದಿದ್ದ ಕರೀಂ ಮುಖವೆತ್ತಿ ಫ್ಲೆಕ್ಸು ನೋಡಿದ. ಕರೀಂ ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚುವ ಕೆಲಸದವನು, ಸತ್ತವನ ಹಳೆಯ ಗೆಳೆಯ. ಕೈಯನ್ನು ಹಣೆಗೆ ಅಡ್ಡವಿಟ್ಟು ಇನ್ನೊಮ್ಮೆ ನೋಡಿದ.

"ನರೇಂದ್ರ, ಕೆಳಗಿಳಿಯಪ್ಪ."

"ತಡಿ ಮಾವ, ಇದೊಂದು ಗಂಟು."

"ಗಂಟು ಆಮೇಲೆ ಹಾಕೀಯಂತೆ. ಯಾರ ಫೋಟೋ ಕೊಟ್ಟಿದ್ದೀಯ ಇದು?"

"ಅಪ್ಪಂದು. ವಯಸ್ನಾಗಿದ್ದಾಗಿಂದು."

"ನಿಮ್ಮಪ್ಪ ಅಲ್ಲ ಕಣ್ ಮಗ," ಕರೀಮನ ದನಿ ತಗ್ಗಿತು. "ನಿಮ್ಮಪ್ಪ ಹುಡುಕ್ತಿದ್ನಲ್ಲ, ಅವ್ನು ಇವ್ನು."

*

ಆ ಚಳಿಗಾಲದಲ್ಲಿ ಗಂಗಹನುಮಯ್ಯನಿಗೆ ಇಪ್ಪತ್ತಾರು. ಲಡಾಖ್ ಕಡೆ ಒಂದು ಹಿಮದ ಪೋಸ್ಟಿಗೆ ಹಾಕಿದ್ದರು. ಹತ್ತುವವರಿಗೆಲ್ಲ ದಪ್ಪನೆಯ ಕೋಟು ಕೊಡುತ್ತಿದ್ದರು. ಹೊಸದಲ್ಲ, ಹಿಂದಿನವರು ಹಾಕಿ ಬಿಚ್ಚಿಕೊಟ್ಟದ್ದು. ಅವನಿಗೆ ಬಂದ ಕೋಟಿನ ಎಡಪಕ್ಕೆಯಲ್ಲಿ ರೂಪಾಯಿ ಅಗಲದ ತೂತೊಂದನ್ನು ಕಪ್ಪು ದಾರದಲ್ಲಿ ಒರಟಾಗಿ ಹೊಲಿದಿದ್ದರು. ಒಳಜೇಬಿಗೆ ಕೈಹಾಕಿದರೆ ಫೋಟೋ.

ಹಿಂದಿನ ಮೊಹರಿನಲ್ಲಿ 'ಕನಕಪುರ' ಎಂಬ ಕನ್ನಡದ ಐದಕ್ಷರ ಕಂಡು ಅವನಿಗೆ ಅಳು ಬಂದುಬಿಟ್ಟಿತು. ಆ ಪೋಸ್ಟಿನಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಮೂರು ತಿಂಗಳು ಅವನು ಕನ್ನಡ ಮಾತಾಡಿದ್ದು ಆ ಫೋಟೋದ ಜೊತೆ. 'ಏನ್ಲಾ ಕನಕಪುರದೋನೆ, ಮುದ್ದೆ ಉಂಡು ಎಷ್ಟು ದಿನ ಆಯ್ತ್ಲಾ?' ಎಂದು ಕೇಳುತ್ತಿದ್ದ. ಹಿಮಗಾಳಿ ಬೀಸಿದ ನಾಲ್ಕು ದಿನ ಜೊತೆಯವರಲ್ಲಿ ಇಬ್ಬರ ಬೆರಳು ಹೋದವು. ಇವನು ಹತ್ತೂ ಬೆರಳಿನ ಸಮೇತ ಇಳಿದು ಬಂದ. ಕೋಟು ವಾಪಸು ಕೊಡುವಾಗ, ಇದನ್ನು ಹಿಂದೆ ಹಾಕಿದ್ದವರು ಯಾರು ಎಂದು ಸ್ಟೋರಿನ ಗುಮಾಸ್ತನನ್ನು ಕೇಳಿದ. ನಮ್ಮಲ್ಲಿ ಕೋಟಿನ ಲೆಕ್ಕ ಇರುತ್ತೆ, ಮನುಷ್ಯರದ್ದಲ್ಲ, ಅಂದ ಅವನು. ನಡೆದು ಇಳಿದು ಬಂದವರದ್ದೂ ಇಲ್ಲಿಗೇ ಬರುತ್ತೆ, ಹೆಣವಾಗಿ ಹೊರಿಸಿಕೊಂಡು ಬಂದವರದ್ದೂ ಇಲ್ಲಿಗೇ ಬರುತ್ತೆ.

ಆಮೇಲೆ ಮದುವೆ, ಮಗ, ರಿಟೈರ್‌ಮೆಂಟು, ಒಂದೂವರೆ ಎಕರೆ ಹೊಲ. ಫೋಟೋ ಪುಸ್ತಕದೊಳಗೆ ಉಳಿಯಿತು. ಐದು ವರ್ಷದ ಹಿಂದೆ ಪಿಂಚಣಿಯ ಕಾಗದಪತ್ರ ಹುಡುಕುವಾಗ ಅದು ಜಾರಿ ಕಾಲ ಮೇಲೆ ಬಿತ್ತು. ಅವತ್ತಿನಿಂದ ಆ ಪಕ್ಕೆಯ ತೂತು ಅವನ ತಲೆ ಹೊಕ್ಕಿತು. ಅದು ಗುಂಡಿನ ತೂತೇ ಇರಬೇಕು. ಸತ್ತವರ ಬಟ್ಟೆಯನ್ನು ನಮ್ಮಲ್ಲಿ ಮನೆಯವರು ತೊಡುವುದಿಲ್ಲ, ಮಣ್ಣಿನ ಜೊತೆಗೇ ಬಿಟ್ಟು ಬರುತ್ತಾರೆ.

"ಸತ್ತೋನ್ ಕೋಟ್ನಾಗೆ ನಾನು ಬೆಚ್ಚಗಿದ್ದು ಬಂದ್ಬುಟ್ನಾ ಕರೀಂ?" ಎಂದು ಕೇಳಿದ್ದ. "ಅವ್ರ ಮನೆಯೋರ್ಗೆ ನಾನೊಂದು ಮಾತೂ ಹೇಳ್ದೆ ಇಷ್ಟು ವರ್ಷ ಉಂಡ್ಕೊಂಡು ತಿಂದ್ಕೊಂಡು ಇದ್ದೀನಲ್ಲ, ನಾಚ್ಕೆ ಆಯ್ತದೆ ಕಣ್ಲಾ."

ಎರಡು ವರ್ಷ ಪ್ರತಿ ಭಾನುವಾರ ಇಬ್ಬರು ಮುದುಕರು ಬಸ್ಸು ಹತ್ತಿದರು. ಕನಕಪುರದ ಆ ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಾಗಿತ್ತು. ಸಾತನೂರು, ಹಾರೋಹಳ್ಳಿ, ನಡುವಿನ ಹಳ್ಳಿಗಳು. ಹೋಟೆಲು, ಕ್ಷೌರದಂಗಡಿ, ಅರಳಿಕಟ್ಟೆ ಒಂದನ್ನೂ ಬಿಡಲಿಲ್ಲ. ಗಂಡಸರಿಗೆ ಮಾತ್ರ ತೋರಿಸುತ್ತಿದ್ದ. ಯಾರದೋ ಮನೆ ಹೆಣ್ಣುಮಕ್ಕಳ ಮುಂದೆ ಯಾವನೋ ಗಂಡಸಿನ ಫೋಟೋ ಹಿಡಿಯುವುದು ಮರ್ಯಾದೆಯಲ್ಲ ಎಂಬುದು ಅವನ ಕಟ್ಟುನಿಟ್ಟು. ಊರಿನವರು ಅವನಿಗೆ 'ಫೋಟೋ ಗಂಗಣ್ಣ' ಎಂದು ಹೆಸರಿಟ್ಟರು.

*

ಚಪ್ಪರದ ಕೆಳಗೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಫ್ಲೆಕ್ಸು ನೋಡಿದರು. ಯಾರೋ ಹಿಂದಿನಿಂದ, "ಅಪ್ಪನ ಮಕ ಗೊತ್ತಿಲ್ವೇನ್ಲಾ ಇವಂಗೆ?" ಎಂದರು. ಯಾರೋ ಕಿಸಕ್ಕೆಂದು, ತಕ್ಷಣ ಕೆಮ್ಮಿಗೆ ತಿರುಗಿಸಿದರು. ನರೇಂದ್ರನ ಕಿವಿಯವರೆಗೆ ಬಿಸಿ ಏರಿತು.

"ಏನಂತೆ ಅದು?" ಎಂದು ಹೆಣದ ತಲೆಯ ಬಳಿ ಕೂತಿದ್ದ ಚಿನ್ನಮ್ಮ ಕೇಳಿದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವಳಿಗೆ ಮರದವರೆಗೆ ಕಾಣುತ್ತಿರಲಿಲ್ಲ. ಮಮತಾ ಬಗ್ಗಿ ಪಿಸುಗುಟ್ಟಿದಳು. ಚಿನ್ನಮ್ಮ, "ಆ ಫೋಟೋನಾ?" ಎಂದಳಷ್ಟೆ.

ನರೇಂದ್ರ ಏಣಿ ಹತ್ತಿದ. ತಾನೇ ಹಾಕಿದ ಗಂಟು ಬಿಚ್ಚಲು ಬರಲಿಲ್ಲ. ಕೊನೆಗೆ ಕುಡುಗೋಲಿನಿಂದ ಕೊಯ್ದು ಕೆಳಗಿಳಿಸಿ, ಮುಖ ಒಳಗಾಗುವಂತೆ ಸುತ್ತಿ ದನದ ಕೊಟ್ಟಿಗೆಯಲ್ಲಿಟ್ಟ. ಆದರೆ ಮೊಬೈಲಿನಲ್ಲಿ ಹೋದದ್ದನ್ನು ಕೊಯ್ಯಲು ಕುಡುಗೋಲಿರಲಿಲ್ಲ. ಅವನು ಅಳಿಸುತ್ತ ಹೋದ ಹಾಗೆ, ಯಾರು ಯಾರೋ ಯಾರು ಯಾರಿಗೋ ಕಳಿಸಿದ್ದು ತಿರುಗಿ ಅವನಿಗೇ ಬರುತ್ತಿತ್ತು. ಮಾಗಡಿಯ ಗ್ರೂಪೊಂದರಲ್ಲಿ ಯಾರೋ ಬರೆದಿದ್ದರು: 'ಇದು ನಮ್ಮೂರಿನ ಪುಟ್ಟಲಿಂಗಯ್ಯ ಅಲ್ಲವಾ? ಯಾವಾಗ ತೀರಿಕೊಂಡರು?'

ಅದನ್ನು ಅವನು ಎರಡು ಸಲ ಓದಿದ. ಹೆಸರು. ಅಪ್ಪ ಎರಡು ವರ್ಷ ಬಸ್ಸಿನಲ್ಲಿ ಹುಡುಕಿದ ಹೆಸರು ಒಂದೇ ರಾತ್ರಿಯಲ್ಲಿ ತಾನಾಗಿ ಬಂದು ಕೂತಿತ್ತು. ಮೊಬೈಲನ್ನು ಜೇಬಿಗಿಟ್ಟು, ಯಾರಿಗೂ ಹೇಳದೆ, ಕೊಟ್ಟಿಗೆಯ ಗೋಡೆಗೆ ಒರಗಿ ನಿಂತ.

*

ಮೂರು ವರ್ಷದ ಹಿಂದೆ, ಒಂದು ಬೆಳಿಗ್ಗೆ ಅವನು ಹಾರೋಹಳ್ಳಿಯ ಕಾರ್ಖಾನೆಗೆ ಹೊರಟು ಬೈಕು ಒದೆಯುತ್ತಿದ್ದಾಗ ಅಪ್ಪ ಆ ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಬಂದಿದ್ದ.

"ನಿನ್ ಮೊಬೈಲ್ನಾಗೆ ಇದನ್ನ ಹಾಕ್ತೀಯೇನ್ಲಾ? ನಾಲ್ಕಾರು ಜನ ನೋಡ್ತಾರಂತೆ. ಕರೀಂ ಹೇಳ್ದ."

ದಿನಕ್ಕೆ ನಲವತ್ತು ಶುಭೋದಯ ಕಳಿಸುವ ಮಗ. ಕ್ರಿಕೆಟ್ಟಿನ ಸ್ಕೋರಿನಿಂದ ಹಿಡಿದು ಲೀಡರುಗಳ ಹುಟ್ಟುಹಬ್ಬದವರೆಗೆ ಎಲ್ಲವೂ ಅವನ ಮೊಬೈಲಿನಿಂದ ಹೊರಡುತ್ತಿತ್ತು. ಆದರೆ ಆ ವಾರವಷ್ಟೇ ಕ್ಯಾಂಟೀನಿನಲ್ಲಿ ಒಬ್ಬ ಎಲ್ಲರೆದುರು, 'ನೀನು ಫೋಟೋ ಗಂಗಣ್ಣನ ಮಗ ಅಲ್ವೇನ್ಲಾ? ನಮ್ಮ ಹಾರೋಹಳ್ಳಿ ಹೋಟೆಲ್ ತಾವ ದಿನಾ ಬತ್ತಾನೆ ಕಣ್ರೋ ಇವ್ರಪ್ಪ' ಎಂದು ನಗಿಸಿದ್ದ. ಆ ನಗು ಇನ್ನೂ ಕಿವಿಯಲ್ಲಿತ್ತು. ಅಪ್ಪನ ಹುಚ್ಚನ್ನು ತಾನೇ ಊರಿಗೆಲ್ಲ ಹಂಚಬೇಕೆ?

"ಕೊಡಿ," ಎಂದು ಕವರನ್ನು ಬೈಕಿನ ಪೆಟ್ಟಿಗೆಗೆ ಹಾಕಿಕೊಂಡ. ತೆರೆದು ನೋಡಲೇ ಇಲ್ಲ, ಒಳಗಿದ್ದದ್ದು ಮಿಲ್ಟ್ರಿಯವನ ಫೋಟೋ ಎಂಬುದೂ ಅವನಿಗೆ ತಿಳಿಯಲಿಲ್ಲ. ಮೂರು ದಿನ ಅದು ಅಲ್ಲೇ ಸ್ಪ್ಯಾನರಿನ ಪಕ್ಕ ಬಿದ್ದಿತ್ತು. ನಾಲ್ಕನೆಯ ದಿನ ತಂದು ಅಪ್ಪನ ಕೈಗಿಟ್ಟು, "ಹಾಕಿದ್ದೀನಿ," ಅಂದ.

ಅವತ್ತಿನಿಂದ ಪ್ರತಿ ಸಂಜೆ ಬೈಕಿನ ಸದ್ದಾದ ಕೂಡಲೇ ಅಪ್ಪ ಜಗಲಿಯಿಂದ ಏಳುತ್ತಿದ್ದ. "ಏನಾದ್ರೂ ಬಂತೇನ್ಲಾ?"

"ಇಲ್ಲ ಕಣಪ್ಪ."

"ಯಾರೂ ನೋಡ್ಲಿಲ್ವಾ?"

"ಸಾವಿರಾರು ಜನ ನೋಡವ್ರೆ. ಯಾರ್ಗೂ ಗೊತ್ತಿಲ್ವಂತೆ."

ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಎರಡು ವಾರ ಕೇಳಿ ಅಪ್ಪ ಕೇಳುವುದನ್ನು ನಿಲ್ಲಿಸಿದ. ಬಸ್ಸು ಹತ್ತುವುದನ್ನೂ ನಿಲ್ಲಿಸಿದ. ಸಾವಿರಾರು ಜನಕ್ಕೆ ಗೊತ್ತಿಲ್ಲದವನು ಈ ಭೂಮಿಯ ಮೇಲೆ ಇರಲಾರ ಎಂದು ಅವನು ತೀರ್ಮಾನಿಸಿದ್ದ. ಆ ವರ್ಷದ ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಹಾಕಿಸಿದ. ಫೋಟೋ ಇಡಲು ಮಾತ್ರ ಚಿನ್ನಮ್ಮ ಒಪ್ಪಲಿಲ್ಲ, ಹೆಸರೂ ಗೊತ್ತಿಲ್ಲದವರನ್ನು ಅತ್ತೆ ಮಾವನ ಪಕ್ಕ ಕೂರಿಸುವುದು ಬೇಡ ಅಂದಳು. "ಇದ್ಯಾರ್ಗಪ್ಪ ಈ ಎಲೆ?" ಎಂದು ನರೇಂದ್ರ ಕೇಳಿದ್ದ. "ಒಬ್ರಿಗೆ," ಎಂದಿದ್ದ ಅಪ್ಪ. ಆ ಒಬ್ಬರು ಯಾರು ಎಂದು ಮತ್ತೆ ಕೇಳುವಷ್ಟು ಪುರಸೊತ್ತು ಅವತ್ತೂ ಮಗನಿಗಿರಲಿಲ್ಲ.

*

ಹನ್ನೊಂದು ಗಂಟೆಗೆ ಹೆಣ ಎತ್ತಬೇಕೆನ್ನುವಾಗ ಒಂದು ಬಿಳಿ ಕಾರು ಬಂದು ಚಪ್ಪರದ ಮುಂದೆ ನಿಂತಿತು. ಗ್ರೂಪಿನಲ್ಲಿ ವಿಳಾಸ ಕೇಳಿಕೊಂಡು ಕಾರು ಓಡಿಸಿಕೊಂಡು ಬಂದ ಹುಡುಗಿ ಇಳಿದು ಬಾಗಿಲು ತೆಗೆಯುವ ಮುಂಚೆಯೇ ಹಿಂದಿನಿಂದ ಎಪ್ಪತ್ತರ ಮುದುಕನೊಬ್ಬ ಇಳಿದ. ಪಂಚೆ, ಹೆಗಲ ಮೇಲೆ ಕರಿ ಕಂಬಳಿ.

"ಯಾವನ್ಲಾ ಅವ್ನು, ನನ್ನ ಸಾಯ್ಸಿದೋನು?"

ಅಳುತ್ತಿದ್ದ ಹೆಂಗಸರು ನಿಲ್ಲಿಸಿದರು.

"ಬೆಳಕರಿದಾಗ್ಲಿಂದ ನಮ್ಮನೆ ಮುಂದೆ ಜನ. ನಾನು ಕುರಿ ಬುಡ್ತಾ ನಿಂತಿದ್ರೆ ನನ್ನೇ ಕೇಳ್ತಾರೆ, ಎಷ್ಟೊತ್ತಿಗೆ ಮಣ್ಣು ಅಂತ! ನನ್ ತಂಗಿ ಪುಟ್ಟಲಕ್ಷ್ಮಮ್ಮ ಸಾತನೂರಿಂದ ಎದೆ ಬಡ್ಕೊಂಡು ಬಸ್ ಹತ್ತವ್ಳೆ. ಎಲ್ಲೈತೆ ಆ ಫೋಟೋ? ಯಾರು ಕೊಟ್ರು ನಿಮ್ಗೆ?"

"ತಾತ, ಸಾವಿನ ಮನೆ, ಸುಮ್ನಿರು," ಎಂದು ಮೊಮ್ಮಗಳು ಸಿಂಧು ಅವನ ತೋಳು ಹಿಡಿದಳು.

ಕರೀಂ ಮುಂದೆ ಬಂದ. ಮುದುಕನ ಮುಖವನ್ನು ಎಷ್ಟೋ ಹೊತ್ತು ನೋಡಿದ. ಮೀಸೆ ಬೆಳ್ಳಗಾಗಿತ್ತು, ಕೆನ್ನೆ ಇಳಿದಿತ್ತು. ಆದರೂ ಐವತ್ತೋ ಅರವತ್ತೋ ಊರಿನಲ್ಲಿ ಹಿಡಿದು ತಿರುಗಿದ ಮುಖ ಅದು, ತಪ್ಪಲು ಸಾಧ್ಯವಿರಲಿಲ್ಲ. ಅವನ ಕೈ ಹಿಡಿದುಕೊಂಡೇ ಜಗಲಿಗೆ ಕರೆತಂದು, ಹೆಣದ ಪಕ್ಕ ಕೂರಿಸಿ, ಕೋಟಿನಿಂದ ಹಿಡಿದು ಎಲ್ಲ ಹೇಳಿದ. ಹೇಳಿ ಮುಗಿಯುವಷ್ಟರಲ್ಲಿ ಪುಟ್ಟಲಿಂಗಯ್ಯನ ಸಿಟ್ಟು ಎಲ್ಲಿ ಹೋಯಿತೋ ಹೋಯಿತು.

ಚಿನ್ನಮ್ಮ ಕಣ್ಣು ಕಿರಿದು ಮಾಡಿ ಅವನ ಹತ್ತಿರಕ್ಕೆ ಬಗ್ಗಿದಳು. "ಬಂದ್ಯಾ ಅಣ್ಣ?" ಎಂದಳು, ತಡವಾಗಿ ಬಂದ ನೆಂಟನನ್ನು ಕೇಳುವ ಹಾಗೆ. "ಒಂದಿನ ಮುಂಚೆ ಬರಬಾರ್ದಿತ್ತಾ?"

"ನಂಗೇನ್ ಗೊತ್ತವ್ವ? ಆ ಫೋಟೋ ಕಳ್ದೋಗಿದ್ದೇ ನಂಗೆ ಗೊತ್ತಿಲ್ಲ. ಹೆಣ್ಣಿನ ಮನೆಗೆ ಕಳ್ಸನ ಅಂತ, ರಜಕ್ಕೆ ಬಂದಾಗ ತಂಗಿ ಮನೆ ತಾವಿಂದ ಕನಕಪುರಕ್ಕೋಗಿ ತೆಗ್ಸಿದ್ದು. ಅಷ್ಟ್ರಾಗೆ ಮದ್ವೆ ಇನ್ನೊಂದು ಕಡೆ ಗೊತ್ತಾಯ್ತು."

"ಆ ತೂತು?" ಕರೀಂ ಕೇಳಿದ. "ಕೋಟಿನ ಪಕ್ಕೇಲಿತ್ತಲ್ಲ. ಗುಂಡು ಬಿದ್ದಿದ್ದು ಅಂತ ಸಾಯೋ ತನಕ ಅಂದ್ಕೊಂಡಿದ್ದ ಇವ್ನು."

ಪುಟ್ಟಲಿಂಗಯ್ಯನ ಬಾಯಿ ತೆರೆದುಕೊಂಡಿತು. "ಗುಂಡೂ ಇಲ್ಲ ಗಿಂಡೂ ಇಲ್ಲ ಕಣಪ್ಪ. ಚಳಿಗೆ ಸೀಮೆಎಣ್ಣೆ ಸ್ಟೌವ್ ತಬ್ಕೊಂಡು ಕೂತಿದ್ನಲ್ಲ, ಸುಟ್ಟೋಯ್ತು. ಸಾಹೇಬ್ರು ಬಯ್ತಾರೆ ಅಂತ ನಾನೇ ಹೊಲ್ದೆ." ನಗಲು ಹೋದವನಿಗೆ ನಗು ಬರಲಿಲ್ಲ. "ಸಾತನೂರಿಗೂ ಹೋಗಿದ್ರಾ ನೀವು? ನಮ್ ತಂಗಿ ದಿನಾ ಬೆಳಿಗ್ಗೆ ಬಸ್ಸ್ಟಾಂಡ್ ತಾವ್ಲೇ ಡೈರಿಗೆ ಹಾಲು ಹಾಕ್ತಾಳೆ. ಅವ್ಳನ್ನೊಂದು ಮಾತು ಕೇಳಿದ್ರೆ ಆಗಿತ್ತಲ್ಲ."

ಕರೀಂ ತಲೆ ತಗ್ಗಿಸಿದ. ಆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲು ನಿಂತ ಹೆಂಗಸರನ್ನು ಅವರಿಬ್ಬರೂ ಎಷ್ಟು ಸಲ ನೋಡಿಯೂ ನೋಡದಂತೆ ದಾಟಿದ್ದರೋ.

ಪುಟ್ಟಲಿಂಗಯ್ಯ ಹೆಣದ ಕಡೆ ತಿರುಗಿದ. ಬಂದವರೆಲ್ಲ ಹೊದಿಸಿದ್ದ ಹೊಸ ಬಟ್ಟೆಗಳ ನಡುವೆ ಗಂಗಹನುಮಯ್ಯನ ಮುಖವಷ್ಟೇ ಕಾಣುತ್ತಿತ್ತು. ಸಾವಿಗೆ ಬರುವವರು ಬಟ್ಟೆ ತರಬೇಕು, ಜಗಳಕ್ಕೆ ಬಂದವನು ಏನು ತಂದಾನು? ಹೆಗಲ ಕಂಬಳಿಯನ್ನು ತೆಗೆದು, ಕೊಡವಿ, ಹೊಸ ಬಟ್ಟೆಗಳ ಮೇಲೆ ಎದೆಯವರೆಗೆ ಹೊದಿಸಿದ. ಆಮೇಲೆ ಮೊಣಕೈ ಊರಿ ಕಿವಿಯ ಹತ್ತಿರ ಬಗ್ಗಿ, ಕಿವುಡನಿಗೆ ಹೇಳುವಂತೆ ಜೋರಾಗಿ ಹೇಳಿದ:

"ನಾನು ಇಳ್ದು ಬಂದೆ ಕಣ್ ತಮ್ಮ. ನಡ್ಕೊಂಡೇ ಇಳ್ದೆ. ಯಾರೂ ಹೊತ್ಕೊಂಡು ಬರ್ಲಿಲ್ಲ."

ಹೆಂಗಸರು ಮತ್ತೆ ಅಳತೊಡಗಿದರು. ನರೇಂದ್ರ ಕಂಬದ ಮರೆಯಲ್ಲಿ ನಿಂತಿದ್ದ. ಇಲ್ಲಿಗೇ ಮುಗಿದರೆ ಸಾಕು ಎಂದು ಅವನು ದೇವರನ್ನು ಬೇಡಿಕೊಂಡ. ಹೆಣ ಎತ್ತಲಿ, ಮಣ್ಣಾಗಲಿ, ಯಾರೂ ಇನ್ನೇನೂ ಕೇಳದಿರಲಿ.

ಸಿಂಧು ಕೇಳಿಬಿಟ್ಟಳು. ಅವಳಿಗೆ ಯಾರನ್ನೂ ಚುಚ್ಚುವ ಉದ್ದೇಶವಿರಲಿಲ್ಲ. "ನಿನ್ನೆ ಹಾಕಿದ್ದು ಬೆಳಿಗ್ಗೆ ನಮ್ಮನೆಗೆ ಬಂತು. ಮೊದಲೇ ಒಂದ್ಸಲ ವಾಟ್ಸಾಪಲ್ಲಿ ಹಾಕಿದ್ರೆ ಈ ಅಜ್ಜ ಇದ್ದಾಗ್ಲೇ ನಮ್ ತಾತ ಸಿಕ್ತಿತ್ತಲ್ಲಾ?"

"ಹಾಕಿದ್ದ ಕಣವ್ವ," ಚಿನ್ನಮ್ಮ ತಟ್ಟನೆ ತಲೆಯೆತ್ತಿದಳು. ಬೆಳಿಗ್ಗೆಯಿಂದ ಊರವರು ಮಗನ ಬೆನ್ನ ಹಿಂದೆ ಆಡಿಕೊಂಡಿದ್ದು ಅವಳ ಕಿವಿಗೆ ಬಿದ್ದಿತ್ತು. ಎಲ್ಲರಿಗೂ ಕೇಳುವಂತೆ ದನಿ ಏರಿಸಿದಳು. "ನನ್ ಮಗ ಮೂರು ವರ್ಷದ ಹಿಂದೆನೇ ಹಾಕಿದ್ದ. ಅವ್ರಪ್ಪ ಹೇಳಿದ್ ಕೆಲ್ಸ ಅವ್ನು ಯಾವತ್ತೂ ಬುಟ್ಟೋನಲ್ಲ. ಸಾವಿರಾರು ಜನ ನೋಡುದ್ರಂತೆ. ನಿಮ್ಮ ಕಡೆಯೋರು ಯಾಕೋ ನೋಡ್ಲಿಲ್ಲ. ಅದ್ಕೇ ನಮ್ಮೋರು, ನೀನು ಹೋಗ್ಬುಟ್ಟೆ ಅಂತ ಅಮಾಸೆಗೆ ಎಡೆ ಇಟ್ರು ಅಣ್ಣ. ಅಲ್ವೇನ್ಲಾ ನರೇಂದ್ರ?"

ಎಲ್ಲರೂ ಅವನ ಕಡೆ ನೋಡಿದರು. ಕರೀಂ ಮಾತ್ರ ನೆಲ ನೋಡಿದ. ಅವನಿಗೆ ಗೊತ್ತಿತ್ತೋ ಏನೋ.

ಹೌದು ಎಂದರೆ ಸಾಕಿತ್ತು. ತಲೆಯಾಡಿಸಿದ್ದರೂ ನಡೆಯುತ್ತಿತ್ತು. ಚಪ್ಪರದಲ್ಲಿದ್ದ ಅಷ್ಟೂ ಜನರೆದುರು ಅಮ್ಮ ಅವನ ಮರ್ಯಾದೆಯನ್ನು ಎತ್ತಿ ಅವನ ಕೈಗೇ ಕೊಡುತ್ತಿದ್ದಳು, ಇಸಿದುಕೊಂಡರೆ ಆಗಿತ್ತು. ನರೇಂದ್ರನಿಗೆ ಎಡೆಯ ಆ ಹೆಚ್ಚಿನ ಎಲೆ ಕಣ್ಣ ಮುಂದೆ ಬಂತು. ಬದುಕಿದ್ದು ಮಾಗಡಿಯಲ್ಲಿ ಕುರಿ ಬಿಡುತ್ತಿದ್ದವನಿಗೆ ಅಪ್ಪ ಕೈಮುಗಿದು ಬಡಿಸಿದ ಅನ್ನ.

"ನಾನು ಹಾಕಿರ್ಲಿಲ್ಲ ಕಣವ್ವ," ಎಂದ. ದನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. "ಹಾಕೇ ಇರ್ಲಿಲ್ಲ. ಕವರ್ ಬಿಚ್ಚೇ ನೋಡ್ಲಿಲ್ಲ ನಾನು. ನಾಚ್ಕೆ ಆಗಿತ್ತು. ಅಪ್ಪಂಗೆ ಸುಳ್ಳು ಹೇಳ್ಬುಟ್ಟೆ."

ಚಿನ್ನಮ್ಮ ಮಗನ ಮುಖ ನೋಡಲಿಲ್ಲ, ಅಳಲೂ ಇಲ್ಲ. ಗಂಡನ ತಲೆಯ ಹತ್ತಿರಕ್ಕೆ ಸರಿದು, ಎದೆಯ ಮೇಲಿದ್ದ ಕಂಬಳಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆಳೆದು, ಮೊದಲು ಆ ಕಡೆಯ ಕಿವಿಯನ್ನು, ಆಮೇಲೆ ಈ ಕಡೆಯ ಕಿವಿಯನ್ನು ಭದ್ರವಾಗಿ ಮುಚ್ಚಿದಳು.